ಹಗ್ಗ ಇನ್ನೂ ನಮ್ಮಲ್ಲೇ ಇದೆ

ಮೊನ್ನೆ ಸಂಜೆ ನಮ್ಮ ಮನೆ ಬಾಗಿಲು ತೆರೆಯಿತು. ಕೊರೊನಾ ಅಂತ ಮುಚ್ಚಿ ಸರಿಯಾಗಿ 25 ದಿನ ಆಗಿತ್ತು. ಚಿಕ್ಕವನು ಹೊಸ್ತಿಲಾಚೆ ಒಂದು ಕಾಲಿಟ್ಟ, ಮತ್ತೆ ಒಳಗೆ ಎಳೆದುಕೊಂಡ. 'ನಿಜವಾಗ್ಲೂ ಹೋಗಬಹುದಾ?' ಅಂತ ಕೇಳಿದ. ಹೋಗಬಹುದು ಅಂದೆ. ಮೆಟ್ಟಿಲ ತನಕ ಓಡಿ ವಾಪಸ್ ಬಂದ. ಅಷ್ಟೇ. ಅಷ್ಟು ದಿನ ಹೊರಗೆ ಹೋಗಬೇಕು ಅಂತ ಕುಣಿದವನಿಗೆ, ಹೊರಗೆ ಹೋಗಿ ಏನು ಮಾಡಬೇಕು ಅಂತಲೇ ತೋಚಲಿಲ್ಲ.

ಅಷ್ಟು ದಿನ ನೆರವಾದ ಎಲ್ಲರಿಗೂ ಫೋನ್ ಮಾಡಿ ಥ್ಯಾಂಕ್ಸ್ ಹೇಳೋಣ ಅಂತ ಕೂತೆ. ಎರಡನೇ ಫೋನಿಗೇ ಗಂಟಲು ಕಟ್ಟಿತು. ಮೂರನೆಯವರು 'ಅಯ್ಯೋ, ಅದೆಲ್ಲ ಯಾಕೆ ಬಿಡಿ' ಅಂತ ಮಾತು ತಿರುಗಿಸಿದರು. ಅದಕ್ಕೇ ಬರೆಯುತ್ತಿದ್ದೇನೆ. ಬರೆದರೆ ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಅಲ್ವಾ.

ನಡೆದದ್ದು ಇಷ್ಟು. ಮೊದಲು ಇವರಿಗೆ ಜ್ವರ ಬಂತು. ಟೆಸ್ಟ್ ಮಾಡಿಸಿದೆವು, ಪಾಸಿಟಿವ್. ಇವರು ಕೊನೆಯ ರೂಮು ಸೇರಿಕೊಂಡರು. ಏಳನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ, ನಾನು, ಮೂವರೂ ಈಚೆ. 14 ದಿನ ಕ್ವಾರಂಟೈನ್ ಅಂದರು. ವೈರಸ್ ಮೈಗೆ ಹೊಕ್ಕ ಮೇಲೆ ಲಕ್ಷಣ ಕಾಣಿಸುವುದಕ್ಕೆ ಸಾಮಾನ್ಯವಾಗಿ ಐದಾರು ದಿನ ಸಾಕು, ಆದರೆ ಕೆಲವರಿಗೆ 14 ದಿನದ ತನಕವೂ ಹಿಡಿಯಬಹುದಂತೆ. ಅದಕ್ಕೇ ಆ ಲೆಕ್ಕ. ಮಗ ಸೀಮೆಸುಣ್ಣ ಹುಡುಕಿ ತಂದು ರೂಮಿನ ಬಾಗಿಲ ಮೇಲೆ ದಿನಕ್ಕೊಂದು ಗೆರೆ ಎಳೆಯಲು ಶುರು ಮಾಡಿದ.

11ನೇ ಗೆರೆ ಎಳೆದ ದಿನ ಬೆಳಿಗ್ಗೆ ಮಗಳು ಬಚ್ಚಲಿನಿಂದ ಕೂಗಿದಳು. 'ಅಮ್ಮಾ, ಈ ಸೋಪು ಹಾಳಾಗಿದೆ. ವಾಸನೆನೇ ಇಲ್ಲ.'

ಹೋಗಿ ಸೋಪು ತೆಗೆದುಕೊಂಡು ಮೂಸಿದೆ. ಘಮ್ ಅಂತಿತ್ತು. ಒದ್ದೆ ಸೋಪು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕೈಯೆಲ್ಲ ಜಾರುತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. 'ಹೌದು, ಹಾಳಾಗಿದೆ' ಅಂತ ಸುಳ್ಳು ಹೇಳಲೂ ಆಗಲಿಲ್ಲ.

ಅವಳದ್ದೂ ಪಾಸಿಟಿವ್ ಬಂತು. ಇಬ್ಬರಿಗೂ ಅದೇ ಕಾಯಿಲೆ ಅಂದ ಮೇಲೆ ಒಂದೇ ರೂಮಿನಲ್ಲಿ ಇರಬಹುದು ಅಂದರು ಡಾಕ್ಟರ್. ದಿಂಬು, ಪುಸ್ತಕ ಎತ್ತಿಕೊಂಡು ಅವಳು ಅಪ್ಪನ ರೂಮಿಗೆ ಹೊರಟಳು. ಹೋಗುವಾಗ ಜ್ವರದಲ್ಲೂ ಮುಖದ ತುಂಬ ನಗು. 11 ದಿನದ ಮೇಲೆ ಅಪ್ಪನ ಪಕ್ಕ ಕೂರುವುದಕ್ಕೆ ಸಿಗುತ್ತದಲ್ಲ. ಬಾಗಿಲು ಮುಚ್ಚಿದ ಕೂಡಲೇ ಚಿಕ್ಕವನು ನೆಲದ ಮೇಲೆ ಬಿದ್ದು ಹೊರಳಾಡಿದ. 'ನಂಗೂ ಬರ್ಲಿ! ನಂಗೂ ಪಾಸಿಟಿವ್ ಬರ್ಲಿ!' ನಗಬೇಕೋ ಅಳಬೇಕೋ ಅಂತ ಗೊತ್ತಾಗದೆ ಅವನ ಬಾಯಿ ಮುಚ್ಚಿದೆ.

ನಮ್ಮಿಬ್ಬರ 14 ದಿನ ಮತ್ತೆ ಒಂದರಿಂದ ಶುರು. ಅವನೇ ಅಂಗಿಯ ತೋಳಿನಿಂದ 11 ಗೆರೆಯನ್ನೂ ಒರೆಸಿದ. ಸಮಾಧಾನ ಮಾಡೋಣ ಅಂತ ನಾನು ಎಲ್ಲೋ ಓದಿದ ಕತೆ ಹೇಳಿದೆ. ಹಿಂದೆ ಪ್ಲೇಗ್ ಕಾಲದಲ್ಲಿ ವೆನಿಸ್‌ನವರು ಹಡಗಿನವರನ್ನು 40 ದಿನ ದೂರ ಇಡುತ್ತಿದ್ದರು, ಅವರ ಭಾಷೆಯಲ್ಲಿ 40ಕ್ಕೆ ಕ್ವಾರಂಟಾ, ಅದರಿಂದಲೇ ಕ್ವಾರಂಟೈನ್ ಅನ್ನೋ ಮಾತು ಬಂತು, ನಮ್ಮದು ಬರೀ 14 ಅಂತ. ಅವನು ಮೂಗು ಒರೆಸಿಕೊಂಡು ಹೇಳಿದ, 'ಅವರಿಗೆ ಆನ್‌ಲೈನ್ ಕ್ಲಾಸ್ ಇರಲಿಲ್ಲವಲ್ಲ.'

ಈ ಎರಡನೇ 14 ದಿನವೇ ಕಷ್ಟ ಆಗಿದ್ದು. ಮೊದಲ ಸುತ್ತಿನಲ್ಲಿ ಹುರುಪಿತ್ತು. ಟೈಮ್ ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದೆ. ಎರಡನೇ ಸುತ್ತಿಗೆ ಅದರ ಒಂದು ಮೂಲೆ ಕಿತ್ತು ಫ್ಯಾನ್ ಗಾಳಿಗೆ ಪಟಪಟ ಅನ್ನುತ್ತಿತ್ತು. ಸೋಮವಾರಕ್ಕೂ ಗುರುವಾರಕ್ಕೂ ವ್ಯತ್ಯಾಸವೇ ಇರಲಿಲ್ಲ. ಮಗ ಮಧ್ಯಾಹ್ನ ಮೂರಕ್ಕೆ 'ಇವತ್ತು ಬೆಳಿಗ್ಗೆ ಆಯ್ತಾ?' ಅಂತ ಕೇಳಿದ್ದೂ ಉಂಟು. ಆಗ ನಮ್ಮ ಮನೆಯ ಗಡಿಯಾರ ಆದವರು ನೀವು. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ. ಆದರೆ ದಿನದ ಒಂದೊಂದು ಹೊತ್ತನ್ನು ನಿಮ್ಮಲ್ಲಿ ಒಬ್ಬೊಬ್ಬರು ಹಿಡಿದುಕೊಂಡಿರಿ. ನಾನು ಥ್ಯಾಂಕ್ಸ್ ಹೇಳುತ್ತಿರುವುದು ಮುಖ್ಯವಾಗಿ ಅದಕ್ಕೆ.

ಬೆಳಿಗ್ಗೆ ಏಳು ಅಂದರೆ ಮೇಲಿನ ಮನೆ ಅಂಕಲ್, ಆಂಟಿ. ಮೊದಲ ದಿನವೇ ಅಂಕಲ್ ಬಾಲ್ಕನಿಯಿಂದ ಹಗ್ಗಕ್ಕೆ ಚೀಲ ಕಟ್ಟಿ ಇಳಿಸಿದರು. ಆಮೇಲೆ ದಿನವೂ ಕಂಬಿಗೆ ಚಮಚದಿಂದ ಟಣ್ ಟಣ್ ಟಣ್. ಹಾಲು, ತರಕಾರಿ, ಔಷಧಿ, ಒಮ್ಮೊಮ್ಮೆ ಡಬ್ಬಿಯಲ್ಲಿ ಊಟ. ಚೀಟಿ ಬರೆದು ಚೀಲದಲ್ಲಿ ಹಾಕಿದರೆ ಮಾರನೇ ದಿನ ಸಾಮಾನು ಇಳಿಯುತ್ತಿತ್ತು. ನಾನು ಬರೆಯಲು ನಾಚಿಕೊಂಡಿದ್ದನ್ನು ಆಂಟಿ ತಾವೇ ಊಹಿಸಿ, ಪೇಪರಿನಲ್ಲಿ ಸುತ್ತಿ ಕಳಿಸುತ್ತಿದ್ದರು. ಮಗ ಆರೂಮುಕ್ಕಾಲಿಗೇ ಎದ್ದು ಬಾಲ್ಕನಿಯಲ್ಲಿ ಕತ್ತು ಮೇಲೆತ್ತಿ ನಿಂತಿರುತ್ತಿದ್ದ. ಶಾಲೆ ಇದ್ದ ಕಾಲದಲ್ಲಿ ಈ ಹುಡುಗನನ್ನು ಎಬ್ಬಿಸಲು ನಾನು ಪಟ್ಟ ಪಾಡು ನೆನೆದರೆ ಹೊಟ್ಟೆ ಉರಿಯುತ್ತದೆ.

ಹನ್ನೊಂದೂವರೆ ಅಂದರೆ ಚಿಕ್ಕವನ ಮಿಸ್. ಇಬ್ಬರ ಕ್ಲಾಸೂ ಹತ್ತು ಗಂಟೆಗೇ. ಈಚೆ ಇದ್ದದ್ದು ನನ್ನದೊಂದೇ ಫೋನು, ಇವರ ಫೋನು ರೂಮಿನೊಳಗೆ. ಮಗಳು ಈಚೆ ಇದ್ದಷ್ಟು ದಿನ ದೊಡ್ಡ ಕ್ಲಾಸು ಅಂತ ಅವಳಿಗೇ ಫೋನು ಸಿಗುತ್ತಿತ್ತು, ಇವನು ದಿನ ಬಿಟ್ಟು ದಿನ ತಪ್ಪಿಸಿಕೊಳ್ಳುತ್ತಿದ್ದ. ಮಿಸ್ ಯಾಕೆ ಅಂತ ಗದರಲಿಲ್ಲ. ಕ್ಲಾಸು ಮುಗಿಸಿ ಇವನೊಬ್ಬನಿಗೇ ಫೋನ್ ಮಾಡಿ ಹತ್ತು ನಿಮಿಷ ಮಾತಾಡಿಸುತ್ತಿದ್ದರು. ಒಂದು ಪುಟ ಜೋರಾಗಿ ಓದಿಸುವುದು. ಓದಲು ಮನಸ್ಸಿಲ್ಲದ ದಿನ 'ಸರಿ, ಬಾಗಿಲ ಮೇಲೆ ಎಷ್ಟು ಗೆರೆ ಆಯ್ತು ಹೇಳು, ಇನ್ನೆಷ್ಟು ಉಳೀತು?' ಅಂತ ಅದರಲ್ಲೇ ಕಳೆಯುವ ಲೆಕ್ಕ ಮಾಡಿಸಿಬಿಡುವುದು. 2020ರ ಏಪ್ರಿಲ್‌ನಲ್ಲಿ 190ಕ್ಕೂ ಹೆಚ್ಚು ದೇಶಗಳಲ್ಲಿ ಶಾಲೆ ಮುಚ್ಚಿತ್ತು, 150 ಕೋಟಿಗೂ ಜಾಸ್ತಿ ಮಕ್ಕಳು ಮನೆಯಲ್ಲಿದ್ದರು, ನೀನೊಬ್ಬನೇ ಅಲ್ಲ ಅಂತ ಅವರು ಹೇಳಿದಾಗ ಇವನು ಗಂಭೀರವಾಗಿ 'ಅಷ್ಟು ಜನಕ್ಕೂ ಹೋಂವರ್ಕ್ ಇತ್ತಾ ಮಿಸ್?' ಅಂದ. ಆ ಕಡೆ ಅವರು ನಕ್ಕ ನಗು ನನಗೆ ಅಡುಗೆಮನೆಗೂ ಕೇಳಿಸಿತು. ಆಮೇಲೆ ಗೊತ್ತಾಯಿತು, ಅವರ ಮನೆಯಲ್ಲೂ ಇಬ್ಬರು ಮಲಗಿದ್ದರಂತೆ. ಮಿಸ್, ನೀವು ಅದನ್ನು ಒಂದು ದಿನವೂ ಬಾಯಿ ಬಿಡಲಿಲ್ಲ.

ಸಂಜೆ ನಾಲ್ಕಕ್ಕೆ ನರ್ಸ್ ಫೋನ್ ಮಾಡುತ್ತಿದ್ದರು. ಜ್ವರ ಎಷ್ಟು, ಆಕ್ಸಿಜನ್ ಎಷ್ಟು, ಊಟ ಸೇರುತ್ತಿದೆಯಾ. ಒಂದೇ ಮೂರು ಪ್ರಶ್ನೆ. ಒಂದು ದಿನಕ್ಕೆ ಎಷ್ಟು ಮನೆಗೆ ಮಾಡುತ್ತಿದ್ದರೋ, ದನಿ ಯಾವಾಗಲೂ ಒಡೆದೇ ಇರುತ್ತಿತ್ತು. ಆದರೆ ನಾನು ಹೇಳಬೇಕಾದ್ದು ನಾಲ್ಕು ಗಂಟೆಯ ಮಾತಲ್ಲ, ಒಂದು ರಾತ್ರಿಯ ಮಾತು.

ಮಗಳು ರೂಮು ಸೇರಿ ಮೂರನೇ ರಾತ್ರಿ. ಮಲಗುವ ಮುಂಚೆ ಇವರು ಅವಳ ಬೆರಳಿಗೆ ಆಕ್ಸಿಮೀಟರ್, ಅದೇ ರಕ್ತದ ಆಕ್ಸಿಜನ್ ಅಳೆಯುವ ಕ್ಲಿಪ್ಪು, ಹಾಕಿ ನೋಡಿದ್ದಾರೆ, 88. ತೆಗೆದು ಮತ್ತೆ ಹಾಕಿದ್ದಾರೆ, 87. ಬಾಗಿಲಾಚೆಯಿಂದ ಆ ಸಂಖ್ಯೆ ಹೇಳುವಾಗ ಇವರ ದನಿಯೇ ಬೇರೆ ಆಗಿತ್ತು. ನನ್ನ ಕೈ ನಡುಗಿ ಫೋನಿನಲ್ಲಿ ಹೆಸರು ಒತ್ತಲೂ ಆಗುತ್ತಿಲ್ಲ. ನರ್ಸ್ ಎರಡನೇ ರಿಂಗಿಗೆ ಎತ್ತಿದರು. ರಾತ್ರಿ ಹನ್ನೊಂದು. ಗಾಬರಿ ಬೇಡ ಅಂತೆಲ್ಲ ಹೇಳಲಿಲ್ಲ, ಸೀದಾ ಕೇಳಿದರು. ಏದುಸಿರು ಇದೆಯಾ? ಒಂದು ವಾಕ್ಯ ಪೂರ್ತಿ ಹೇಳ್ತಾಳಾ? ತುಟಿ ನೀಲಿ ಆಗಿದೆಯಾ? ಇಲ್ಲ, ಚೆನ್ನಾಗೇ ಮಾತಾಡ್ತಿದಾಳೆ ಅಂದೆವು. ಒಂದು ಕ್ಷಣ ಸುಮ್ಮನಿದ್ದು, 'ಉಗುರಿಗೆ ಬಣ್ಣ ಏನಾದ್ರೂ ಇದೆಯಾ ನೋಡಿ' ಅಂದರು.

ಇತ್ತು. ಹತ್ತೂ ಬೆರಳಿಗೆ ಕಡುನೀಲಿ ನೇಲ್ ಪಾಲಿಶ್. ಮಧ್ಯಾಹ್ನ ಹೊತ್ತು ಹೋಗದೆ ಅವರಪ್ಪನೇ ಕೂತು ಹಚ್ಚಿದ್ದು. ಸಾಲದ್ದಕ್ಕೆ ಅವಳು ಆಗಷ್ಟೇ ತಣ್ಣೀರಲ್ಲಿ ಕೈ ತೊಳೆದು ಬಂದಿದ್ದಾಳೆ. 'ಬೆರಳು ಚೆನ್ನಾಗಿ ಉಜ್ಜಿ ಬಿಸಿ ಮಾಡಿ. ಕ್ಲಿಪ್ಪನ್ನು ಅಡ್ಡ ತಿರುಗಿಸಿ, ಉಗುರಿನ ಮೇಲೆ ಬೆಳಕು ಬೀಳದ ಹಾಗೆ ಹಾಕಿ. ಒಂದು ನಿಮಿಷ ಅಲುಗಾಡದೆ ಕೂರಲಿ. ಆಗಲೂ 94ಕ್ಕಿಂತ ಕೆಳಗೇ ನಿಂತರೆ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ. ನಾನು ಲೈನಲ್ಲೇ ಇರ್ತೀನಿ.' ಆ ಒಂದು ನಿಮಿಷ ಬಾಗಿಲ ಈಚೆ ನಾನು ಕೂತಿದ್ದೆ, ನನ್ನ ತೊಡೆ ಮೇಲೆ ಮಗ ಮಲಗಿದ್ದ. ಫೋನಿನಲ್ಲಿ ನರ್ಸ್ ಉಸಿರಾಡುವುದು ಕೇಳಿಸುತ್ತಿತ್ತು. ಒಳಗಿಂದ ಇವರು 'ತೊಂಬತ್ತೇಳು' ಅಂದರು. ನರ್ಸ್ 'ಸರಿ, ಮಲಗಿ' ಅಂತ ಇಟ್ಟರು. ಮಾರನೇ ದಿನ ನಾಲ್ಕಕ್ಕೆ ಏನೂ ಆಗದವರ ಹಾಗೆ ಅದೇ ಮೂರು ಪ್ರಶ್ನೆ. ಮೇಡಂ, ನಿಮ್ಮ ಮುಖ ನಾನು ನೋಡಿಲ್ಲ. ನೀವು ಲೈನಲ್ಲಿ ಉಳಿದಿರಲ್ಲ, ಆ ಒಂದು ನಿಮಿಷದ ಋಣ ತೀರಿಸುವುದು ಹೇಗೆ ಅಂತ ನನಗೆ ಗೊತ್ತಿಲ್ಲ.

ಈ ಗಲಾಟೆ ಆದ ಮೇಲೆ ಮಗಳು ಆ ಪುಟ್ಟ ಯಂತ್ರದ ಜಾತಕವನ್ನೇ ಹುಡುಕಿ ತೆಗೆದಳು. ಬೆರಳಿನ ಮೂಲಕ ಎರಡು ಬೆಳಕು ಹಾಯಿಸುತ್ತದಂತೆ, ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆಕ್ಸಿಜನ್ ಇರುವ ರಕ್ತ ಒಂದನ್ನು ಜಾಸ್ತಿ ಹೀರುತ್ತದೆ, ಇಲ್ಲದ ರಕ್ತ ಇನ್ನೊಂದನ್ನು. ಜಪಾನಿನ ಎಂಜಿನಿಯರ್ ಟಕುವೊ ಅವೊಯಾಗಿ ಬೇರೇನೋ ಅಳೆಯಲು ಹೊರಟಿದ್ದರು. ನಾಡಿ ಬಡಿತ ನಡುವೆ ಬಂದು ಅಳತೆ ಕೆಡಿಸುತ್ತಿತ್ತು. ಕಾಟ ಕೊಡುತ್ತಿದ್ದ ಆ ಬಡಿತದಿಂದಲೇ ಆಕ್ಸಿಜನ್ ಅಳೆಯಬಹುದು ಅಂತ ಹೊಳೆಯಿತಂತೆ. 1974ರಲ್ಲಿ ಅದನ್ನು ಜನರ ಮುಂದಿಟ್ಟರು. ಅವರು ತೀರಿಕೊಂಡದ್ದು 2020ರ ಏಪ್ರಿಲ್ 18ರಂದು. ಊರೂರಲ್ಲಿ ಜನ ಅವರ ಉಪಾಯವನ್ನು ಬೆರಳಿಗೆ ಸಿಕ್ಕಿಸಿಕೊಂಡು ಕೂತಿದ್ದ ಹೊತ್ತಿನಲ್ಲೇ. ಥ್ಯಾಂಕ್ಸ್ ಪಟ್ಟಿಯಲ್ಲಿ ಅವರ ಹೆಸರು ಇರಲೇಬೇಕು ಅಂತ ಮಗಳ ಹಟ. ಇಟ್ಟಿದ್ದೇನೆ, ನೋಡು ಪುಟ್ಟಿ.

ರಾತ್ರಿ ಎಂಟೂವರೆ ಅಜ್ಜಿಯದು. ನಮ್ಮಮ್ಮ. ಎರಡೂ ಫೋನಿಗೆ ಒಟ್ಟಿಗೆ ಕನೆಕ್ಟ್ ಮಾಡಿಕೊಂಡು ಕತೆ ಶುರು ಮಾಡುತ್ತಿದ್ದರು. ಬಾಗಿಲಾಚೆ ಒಂದು, ಈಚೆ ಒಂದು, ಎರಡೂ ಸ್ಪೀಕರಲ್ಲಿ. ಕತೆ ಅವರೇ ಕಟ್ಟಿದ್ದು. ಮೊದಲ ವಾರ ಸತ್ತ ರಾಕ್ಷಸ ಎರಡನೇ ವಾರ ಎದ್ದು ಬಂದಾಗ ಮೊಮ್ಮಕ್ಕಳು ತಕರಾರು ತೆಗೆದರು, 'ಅವನ ತಮ್ಮ ಕಣ್ರೋ' ಅಂತ ಸಂಭಾಳಿಸಿದರು. ನಡುವೆ ಅಮ್ಮನಿಗೇ ನಿದ್ದೆ ಬಂದುಬಿಡುತ್ತಿತ್ತು. ಕತೆ ನಿಂತು ಗೊರಕೆ ಶುರುವಾದರೂ ಇವರಿಬ್ಬರೂ ಫೋನ್ ಇಡುತ್ತಿರಲಿಲ್ಲ. ಬಾಗಿಲಿನ ಎರಡೂ ಕಡೆ ಸುಮ್ನೆ ಆ ಗೊರಕೆ ಕೇಳುತ್ತಾ ಮಲಗಿರುತ್ತಿದ್ದರು.

ಕಸದ ಚೀಲ ಬೇರೆ ಕಟ್ಟಿಟ್ಟಿದ್ದನ್ನು ಮುಖ ಸಿಂಡರಿಸದೆ ಒಯ್ದವರಿಗೆ, ಟೆಸ್ಟಿಗೆ ಬಂದು ಮಗನ ಮೂಗಿಗೆ ಕಡ್ಡಿ ಹಾಕುವ ಮುಂಚೆ ತಮ್ಮ ಮೂಗು ತೋರಿಸಿ ಆಟ ಆಡಿಸಿದವರಿಗೆ, ಇಬ್ಬರಿಗೂ ಕೈ ಮುಗಿಯುತ್ತೇನೆ. 'ಎಲ್ಲಿಂದ ತಂದ್ರಿ?' ಅಂತ ದಿನಕ್ಕೆರಡು ಸಲ ಫೋನ್ ಮಾಡಿ ಕೇಳಿದವರೂ ಇದ್ದಾರೆ. ಅವರ ಬಗ್ಗೆ ಇಷ್ಟು ಸಾಕು.

ಇವರು ಎರಡು ವಾರಕ್ಕೇ ಹೊರಗೆ ಬರಬಹುದಿತ್ತು, ಡಾಕ್ಟರ್ ಸರಿ ಅಂದಿದ್ದರು. ಮಗಳು ಒಬ್ಬಳೇ ಆಗುತ್ತಾಳೆ ಅಂತ ಒಳಗೇ ಉಳಿದರು. ಮನೆಯವರಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರಾ? ಹೇಳಿಬಿಡುತ್ತೇನೆ. ನೇಲ್ ಪಾಲಿಶ್ ಒಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ.

ಇನ್ನೊಂದು ಮಾತು, ಬರೆಯುವುದೋ ಬೇಡವೋ ಅಂತ ಯೋಚಿಸಿದೆ. 16ನೇ ದಿನ ನಾನು ಚಿಕ್ಕವನ ಮೇಲೆ ಕೈ ಮಾಡಿದೆ. ಅವನು ಮಾಡಿದ ತಪ್ಪು ಒಂದು ಲೋಟ ನೀರು ಚೆಲ್ಲಿದ್ದು, ಅಷ್ಟೇ. ರಾತ್ರಿಯೆಲ್ಲ ನಿದ್ದೆ ಇಲ್ಲದ ಸಿಟ್ಟೆಲ್ಲ ಅವನ ಬೆನ್ನ ಮೇಲೆ ಬಿತ್ತು. ಅವನು ಮೇಜಿನ ಕೆಳಗೆ ಹೋಗಿ ಕೂತ. ನಾನು ನೆಲ ಒರೆಸಿದ್ದನ್ನೇ ಒರೆಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಥರ್ಮಾಮೀಟರ್ ಹಿಡಿದುಕೊಂಡು ಎದುರಿಗೆ ಬಂದು ನಿಂತ. 'ಅಮ್ಮ, ನಿಂಗೂ ಜ್ವರ ಬಂದಿರಬೇಕು. ಇಲ್ಲಾಂದ್ರೆ ನೀನು ಹೊಡೆಯಲ್ಲ.' ನೋಡಿದ. ಜ್ವರ ಇರಲಿಲ್ಲ. ಆದರೂ ಇದೆ ಅಂತ ತೀರ್ಮಾನ ಮಾಡಿ ನನ್ನನ್ನು ಮಲಗಿಸಿ ಹೊದಿಸಿದ. ಕ್ಷಮಿಸು ಅಂತ ಆಗಲೇ ಕೇಳಿದ್ದೇನೆ. ಇಲ್ಲಿ ಅವನಿಗೂ ಥ್ಯಾಂಕ್ಸ್.

ಈಗ ಎಲ್ಲರೂ ಚೆನ್ನಾಗಿದ್ದೇವೆ. ಇವರಿಗೆ ಸ್ವಲ್ಪ ಸುಸ್ತು. ಮಗಳಿಗೆ ಸೋಪಿನ ವಾಸನೆ ಅರ್ಧ ಬಂದಿದೆಯಂತೆ. ಅರ್ಧ ಅಂದರೆ ಹೇಗೆ ಅಂತ ಕೇಳಬೇಡಿ, ಅವಳು ಹಾಗೇ ಹೇಳುತ್ತಾಳೆ.

ಅಂಕಲ್, ಆಂಟಿ, ನಿಮ್ಮ ಹಗ್ಗ ಇನ್ನೂ ನಮ್ಮ ಬಾಲ್ಕನಿಯ ಕಂಬಿಗೇ ಕಟ್ಟಿದೆ. ಬಿಚ್ಚಿ ಕೊಡೋಣ ಅಂತ ನಿನ್ನೆ ಹೋದರೆ ಚಿಕ್ಕವನು ಅಡ್ಡ ನಿಂತ. ಇವತ್ತು ಬೆಳಿಗ್ಗೆ ಏಳಕ್ಕೆ, ಮೆಟ್ಟಿಲು ಹತ್ತಿ ಬರಬಹುದು ಅಂತ ಗೊತ್ತಿದ್ದೂ, ಚೀಲದಲ್ಲಿ ಏನೋ ಚೀಟಿ ಹಾಕಿ ಕೆಳಗಿಂದ ಟಣ್ ಟಣ್ ಮಾಡುತ್ತಿದ್ದ. ಹಗ್ಗ ಬೇಕಿದ್ದರೆ ಅವನ ಹತ್ತಿರ ನೀವೇ ಮಾತಾಡಿ. ನನ್ನ ಕೈಲಿ ಆಗಲ್ಲ.