ಕೊಚ್ಚಿ ಪ್ರವಾಸ: ಆ ಹಳೇ ಇಗರ್ಜಿಯಲ್ಲಿ ಏನಿದೆ ಅಂತ ಕೇಳಿದವರಿಗೆ

ಪ್ರೀತಿಯ ಹೆತ್ತವರೇ,

ನಮಸ್ಕಾರ. ಒಂಬತ್ತನೇ ಕ್ಲಾಸಿನ ಪ್ರವಾಸ ಈ ಸಲ ಫೋರ್ಟ್ ಕೊಚ್ಚಿಗೆ ಅಂತ ಪಿಟಿಎ ಸಭೆಯಲ್ಲಿ ಹೇಳಿದಾಗ ಎರಡು ಪ್ರಶ್ನೆ ಬಂದವು. ವಾಟರ್ ಪಾರ್ಕ್ ಯಾಕಿಲ್ಲ ಅನ್ನೋದು ಒಂದು. ಅದು ಮಕ್ಕಳೇ ನಿಮ್ಮ ಬಾಯಲ್ಲಿ ಹೇಳಿಸಿದ್ದು ಅಂತ ನನಗೆ ಗೊತ್ತು! ಇನ್ನೊಂದು, "ಅರ್ಧ ದಿನ ಒಂದು ಇಗರ್ಜಿಯಲ್ಲಿ ನೋಡ್ಲಿಕ್ಕೆ ಏನಿದೆ ಟೀಚರೇ?" ಇದು ಕೇಳಬೇಕಾದ ಪ್ರಶ್ನೆಯೇ. ಸಭೆಯಲ್ಲಿ ಸಮಯ ಸಾಕಾಗಲಿಲ್ಲ, ಅದಕ್ಕೇ ಈ ಪತ್ರ.

ನಾವು ನೋಡಲು ಹೋಗುವುದು ಸೇಂಟ್ ಫ್ರಾನ್ಸಿಸ್ ಚರ್ಚ್. 1503ರಲ್ಲಿ ಪೋರ್ಚುಗೀಸರು ಕೊಚ್ಚಿ ರಾಜನ ಒಪ್ಪಿಗೆ ಪಡೆದು ಕೋಟೆ ಕಟ್ಟಿದಾಗ ಒಳಗೆ ಮರದ್ದೊಂದು ಚರ್ಚನ್ನೂ ಕಟ್ಟಿದರು. ಅದರ ಜಾಗದಲ್ಲಿ ಗಾರೆ ಗೋಡೆಯ ಕಟ್ಟಡ 1516ರಲ್ಲಿ ಮುಗಿಯಿತು. ವಾಸ್ಕೋ ಡ ಗಾಮ 1524ರ ಕ್ರಿಸ್‌ಮಸ್‌ನ ಹಿಂದಿನ ದಿನ ಕೊಚ್ಚಿಯಲ್ಲೇ ತೀರಿಕೊಂಡ. ಅವನನ್ನು ಇಲ್ಲೇ ಹೂಳಿದರು, 1539ರಲ್ಲಿ ಮೂಳೆಗಳನ್ನು ಪೋರ್ಚುಗಲ್‌ಗೆ ಒಯ್ದರು. ಬಂದವರೆಲ್ಲ ಆ ಸಮಾಧಿ ಇದ್ದ ಜಾಗದ ಫೋಟೋ ತೆಗೆದುಕೊಂಡು ಹೊರಡ್ತಾರೆ. ನನಗೆ ಮಕ್ಕಳಿಗೆ ಹೇಳಬೇಕಿರುವುದು ಅದರ ಮುಂದಿನ ಕಥೆ.

1663ರ ಜನವರಿಯಲ್ಲಿ ಡಚ್ಚರು ಕೊಚ್ಚಿಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡರು. ಬಂದದ್ದು ಡಚ್ ದೇಶದ ರಾಜನ ಸೈನ್ಯ ಅಂದುಕೊಳ್ಳಬೇಡಿ, ಒಂದು ವ್ಯಾಪಾರಿ ಕಂಪನಿ. 1602ರಲ್ಲಿ ಶುರುವಾದ ಡಚ್ ಈಸ್ಟ್ ಇಂಡಿಯಾ ಕಂಪನಿ. ಅವರಿಗೆ ಬೇಕಿದ್ದದ್ದು ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬುವ ಅದೇ ಒಳ್ಳೆಮೆಣಸು, ಅದೂ ಬೇರೆ ಯಾರಿಗೂ ಸಿಗದ ಹಾಗೆ ತಮಗೊಬ್ಬರಿಗೇ. ಊರು ಕೈಗೆ ಬಂದ ಮೇಲೆ ಅವರು ಪೋರ್ಚುಗೀಸರ ಕಟ್ಟಡಗಳನ್ನು ಕೆಡವುತ್ತಾ ಊರನ್ನೇ ಚಿಕ್ಕದು ಮಾಡಿದರು. ಅವರು ಪ್ರೊಟೆಸ್ಟೆಂಟರು, ಕ್ಯಾಥೋಲಿಕ್ ಇಗರ್ಜಿಗಳನ್ನು ಉಳಿಸುವ ಮನಸ್ಸು ಇರಲಿಲ್ಲ. ಸಾಂತಾಕ್ರೂಸ್ ಕೆಥೆಡ್ರಲ್ ಆಯುಧದ ಉಗ್ರಾಣವಾಯಿತು. ನಮ್ಮ ಸೇಂಟ್ ಫ್ರಾನ್ಸಿಸ್ ಚರ್ಚನ್ನು ಮಾತ್ರ ತಮ್ಮ ಪ್ರಾರ್ಥನೆಗೆ ಇಟ್ಟುಕೊಂಡು, ಹಳೆಯ ಬಲಿಪೀಠ ತೆಗೆಸಿ, 1779ರಲ್ಲಿ ರಿಪೇರಿಯನ್ನೂ ಮಾಡಿದರು. 1795ರಲ್ಲಿ ಬ್ರಿಟಿಷರು ಊರನ್ನು ಹಿಡಿದರು, 1804ರಲ್ಲಿ ಚರ್ಚ್ ಇಂಗ್ಲೆಂಡಿನವರ ಆಂಗ್ಲಿಕನ್ ಪಂಗಡಕ್ಕೆ ಹೋಯಿತು. ಈಗ ಅದು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚ್, 1923ರಿಂದ ಸಂರಕ್ಷಿತ ಸ್ಮಾರಕವೂ ಹೌದು.

ಒಳಗೆ ಹೋದರೆ ಉತ್ತರದ ಗೋಡೆಯಲ್ಲಿ ಪೋರ್ಚುಗೀಸರ ಸಮಾಧಿಕಲ್ಲುಗಳು, ದಕ್ಷಿಣದ ಗೋಡೆಯಲ್ಲಿ ಡಚ್ಚರದ್ದು. ಮೊದಲು ಇವು ನೆಲದಲ್ಲಿದ್ದವು, ಬ್ರಿಟಿಷರ ಕಾಲದಲ್ಲಿ ಎತ್ತಿ ಗೋಡೆಗೆ ಕೂರಿಸಿದರು. ತಲೆ ಎತ್ತಿದರೆ ಹಗ್ಗದಿಂದ ಎಳೆಯುವ ಬಟ್ಟೆ ಬೀಸಣಿಗೆಗಳು ಈಗಲೂ ತೂಗ್ತಿವೆ. ಹೊರಗೆ ಸೆಖೆಯಲ್ಲಿ ನಿಂತು ಆ ಹಗ್ಗ ಎಳೆಯುತ್ತಿದ್ದವರು ಯಾರು ಅಂತ ಮಕ್ಕಳನ್ನು ಕೇಳಬೇಕು ಅಂತಿದ್ದೇನೆ.

ಕಾಸರಗೋಡಿನ ನಮಗೆ ಹತ್ತಿರದ ಒಂದು ವಿಷಯವೂ ಇದರಲ್ಲಿದೆ. ಕೊಚ್ಚಿಯಲ್ಲಿ ಡಚ್ ಕಮಾಂಡರ್ ಆಗಿದ್ದ ವಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ ಒಂದು ದೊಡ್ಡ ಗ್ರಂಥ ಮಾಡಿಸಿದ. ಹೆಸರು 'ಹೋರ್ಟುಸ್ ಮಲಬಾರಿಕುಸ್'. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟವಾಗಿ ಅಚ್ಚಾಯಿತು. ಗಿಡಗಳ ಬಗ್ಗೆ ಹೇಳಿಕೊಟ್ಟವರು ಇಲ್ಲಿನವರೇ: ಇಟ್ಟಿ ಅಚ್ಚುದನ್ ಎಂಬ ಮಲಯಾಳಿ ವೈದ್ಯರು, ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಈ ಮೂವರು ಕೊಂಕಣಿಯಲ್ಲಿ, ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಮೊದಲ ಸಂಪುಟದಲ್ಲೇ ಇದೆ. ನಮ್ಮ ಶಾಲೆಯಲ್ಲಿ ಕೊಂಕಣಿ ಮನೆಗಳು ಕಡಿಮೆಯೇನಲ್ಲ, ಅಲ್ವಾ? ಆದರೆ ಪಾಠಪುಸ್ತಕ ಓದಿದ ಮಕ್ಕಳಿಗೆ ವಾನ್ ರೀಡ್‌ನ ಹೆಸರು ಮಾತ್ರ ನೆನಪಿರ್ತದೆ.

ಇಷ್ಟು ಕೇಳಿ ಡಚ್ಚರು ಒಳ್ಳೆಯವರು, ಪೋರ್ಚುಗೀಸರು ಕೆಟ್ಟವರು ಅಂತ ಮಕ್ಕಳು ಬರೆದುಕೊಂಡು ಬರಬಾರದು. ಗಿಡದ ಚಿತ್ರ ಬರೆಸಿದ ಅದೇ ಕಂಪನಿ ಕೊಚ್ಚಿ ಬಂದರಿನಿಂದ ಗುಲಾಮರನ್ನು ಹಡಗಿಗೆ ಹತ್ತಿಸಿ ಇಂದಿನ ಜಕಾರ್ತದ ಕಡೆಗೂ ದಕ್ಷಿಣ ಆಫ್ರಿಕಾದ ಕೇಪ್‌ಗೂ ಕಳಿಸಿದೆ. ಕೇಪ್‌ನ ಹಳೇ ದಾಖಲೆಗಳಲ್ಲಿ 'ವಾನ್ ಮಲಬಾರ್', ಅಂದರೆ 'ಮಲಬಾರಿನವರು', ಅಂತ ಬರೆಸಿಕೊಂಡ ಜನ ಸಿಗ್ತಾರೆ. ಮನೆಹೆಸರು ಹೋಗಿ ಬಂದ ಊರಷ್ಟೇ ಉಳಿದಿದೆ. ಒಂಬತ್ತನೇ ಕ್ಲಾಸಿನವರಿಗೆ ಇದೆಲ್ಲ ಜಾಸ್ತಿಯಾಯಿತು ಅಂತ ಕೆಲವರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಇದನ್ನು ಬಿಟ್ಟು ಬರೀ ಹಳೇ ಕಟ್ಟಡ ತೋರಿಸುವುದಾದರೆ ಪ್ರವಾಸವೇ ಬೇಡ, ಯೂಟ್ಯೂಬ್ ಸಾಕು.

ಕೋಟೆ ನೋಡ್ತೇವೆ ಅಂತ ಮಕ್ಕಳು ಕುಣೀತಿದ್ದರೆ ಈಗಲೇ ಹೇಳಿಬಿಡಿ, ಕೆಳದಿ ನಾಯಕರ ನಮ್ಮ ಬೇಕಲ ಕೋಟೆಯಂಥದ್ದು ಅಲ್ಲಿ ಏನೂ ಇಲ್ಲ. ಕೊಚ್ಚಿಯ ಕೋಟೆಯನ್ನು ಬ್ರಿಟಿಷರು 1806ರಲ್ಲಿ ಕೆಡವಿಹಾಕಿದರು. ಸಮುದ್ರದ ಹತ್ತಿರ 1724ರ ಡಚ್ ಸ್ಮಶಾನ ಇದೆ, ಗೇಟಿಗೆ ಸಾಧಾರಣವಾಗಿ ಬೀಗ ಇರ್ತದೆ, ಹೊರಗಿನಿಂದಲೇ ನೋಡುವುದು. ಮಟ್ಟಾಂಚೇರಿಯಲ್ಲಿ ಡಚ್ ಅರಮನೆ ಅಂತ ಕರೆಯುವುದನ್ನು ಕಟ್ಟಿದವರು ಪೋರ್ಚುಗೀಸರು, ಡಚ್ಚರದ್ದು ರಿಪೇರಿ ಮಾತ್ರ! ಅಲ್ಲಿಂದ ಎರಡು ಹೆಜ್ಜೆಗೆ ಯಹೂದಿಗಳ ಪ್ರಾರ್ಥನಾ ಮಂದಿರ, ಸಿನಗಾಗ್. ಶನಿವಾರ ಪ್ರವಾಸಿಗರಿಗೆ ಅದು ಮುಚ್ಚಿರ್ತದೆ, ಹೊರಗಿನಿಂದಲೇ ನೋಡಿ ಬರ್ತೇವೆ.

ರಾತ್ರಿ ರೈಲಿಗೆ ಹೊರಟು ಶನಿವಾರ ಬೆಳಿಗ್ಗೆ ಎರ್ನಾಕುಳಂ, ಅಲ್ಲಿಂದ ಫೋರ್ಟ್ ಕೊಚ್ಚಿಗೆ ಬೋಟ್. ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಇರುವುದರಿಂದ ಶನಿವಾರವನ್ನೇ ಇಟ್ಟಿದ್ದೇವೆ. ಒಂದು ನೋಟ್‌ಬುಕ್, ನೀರಿನ ಬಾಟಲಿ, ಕೊಡೆ ಸಾಕು. ದುಬಾರಿ ಮೊಬೈಲ್ ಬೇಡ.

ಹೊರಡುವ ಮೊದಲು ಒಂದು ಕೆಲಸ ನಿಮಗೂ ಇದೆ. ಮನೆಯಲ್ಲಿ ಅಜ್ಜ ಅಜ್ಜಿಗೆ ಗೊತ್ತಿರುವ ಮದ್ದಿನ ಗಿಡಗಳ ಹೆಸರನ್ನು ಕನ್ನಡ, ತುಳು, ಕೊಂಕಣಿ, ಮಲಯಾಳ, ಯಾವುದರಲ್ಲಿ ಗೊತ್ತೋ ಅದರಲ್ಲಿ ಮಕ್ಕಳಿಂದ ಬರೆಸಿ. ಆ ಪಟ್ಟಿ ಮತ್ತು ಸಹಿ ಹಾಕಿದ ಒಪ್ಪಿಗೆ ಪತ್ರ ಎರಡೂ ಬುಧವಾರದೊಳಗೆ ಕ್ಲಾಸ್ ಟೀಚರ ಕೈಗೆ ಸೇರಲಿ. ದುಡ್ಡಿನ ತೊಂದರೆ ಇದ್ದವರು ಸಂಕೋಚ ಬಿಟ್ಟು ನನ್ನನ್ನೇ ಬಂದು ಕಾಣಿ.

ನಿಮ್ಮ,
ಮುಖ್ಯ ಶಿಕ್ಷಕಿ