ಬಣ್ಣ ಕೊನೆಗಿರಲಿ, ಮೊದಲು ಸ್ಲೈಡ್ ನೋಡಿ

ಮಾನ್ಯ ಸಂಪಾದಕರೇ,

ಇನ್ನೂ ದುಡಿಯಬಲ್ಲ ಹಳೆಯ ಮಿಲ್ಲಿಂಗ್ ಮಷೀನುಗಳು (ತಿರುಗುವ ಕಟರಿನಿಂದ ಲೋಹ ಕೆತ್ತುವ ಯಂತ್ರಗಳು) ಗುಜರಿ ತೂಕಕ್ಕೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಉಳಿಸಲೆಂದೇ ಕೊಂಡವರು ಮೊದಲ ದಿನವೇ ಎಮೆರಿ ಪೇಪರ್, ಬಣ್ಣದ ಡಬ್ಬಿ ಹಿಡಿದು ಕೂತರೆ ಇನ್ನೂ ಸಂಕಟ. ಬ್ರಿಜ್‌ಪೋರ್ಟ್ ಎಂಬ ಅಮೆರಿಕನ್ ಕಂಪನಿಯ ಮಾದರಿ ಬಂದಿದ್ದು 1938ರಲ್ಲಿ. ಆ ವಿನ್ಯಾಸದ ಮಷೀನುಗಳು ಇಂದಿಗೂ ಕೆಲಸ ಮಾಡುತ್ತಿವೆ. ಎರಕದ ಮೈ ಹಾಗೇ ಇರುತ್ತದೆ. ಸವೆಯುವುದು ಸ್ಲೈಡ್ (ಟೇಬಲ್ ಜಾರುವ ಹಳಿ), ಟೇಬಲನ್ನು ಸರಿಸುವ ಸ್ಕ್ರೂ ಮತ್ತು ಬೇರಿಂಗ್. ಕೊಳ್ಳುವಾಗ ನೋಡಬೇಕಾದ್ದೂ ಇವನ್ನೇ.

ಟೇಬಲನ್ನು ನಡುವಿಗೆ ತಂದು, ಅಲುಗಾಟ ಹೋಗುವಷ್ಟು ಗಿಬ್ (ಸ್ಲೈಡಿನ ಸಂದು ತುಂಬುವ ಪಟ್ಟಿ) ಬಿಗಿ ಮಾಡಿ. ಆಮೇಲೆ ಕೈಯಿಂದ ತಿರುಗಿಸುತ್ತಾ ಎರಡೂ ತುದಿಗೆ ಒಯ್ಯಿರಿ. ತುದಿಯಲ್ಲಿ ಹ್ಯಾಂಡಲ್ ಬಿಗಿಯಾಗಿ ನಿಂತುಬಿಟ್ಟರೆ ಸ್ಲೈಡ್ ನಡುವೆ ಸವೆದಿದೆ ಎಂದರ್ಥ, ಏಕೆಂದರೆ ಕೆಲಸವೆಲ್ಲ ನಡೆಯುವುದು ನಡುವಿನಲ್ಲೇ. ಟೇಬಲ್ ಸರಿಸಿ ಕೆಳಗಿನ ಸ್ಲೈಡ್ ಒರೆಸಿ ನೋಡಿದರೆ ತುದಿಯಲ್ಲಿ ಕೈ ಸ್ಕ್ರೇಪಿಂಗಿನ (ಉಳಿಯಿಂದ ಕೆರೆದು ಸಮ ಮಾಡುವ ಕೆಲಸದ) ಅರ್ಧಚಂದ್ರದ ಗುರುತುಗಳು ಇನ್ನೂ ಇರುತ್ತವೆ, ನಡುವೆ ಕನ್ನಡಿಯ ಹಾಗೆ ನುಣುಪಾಗಿರುತ್ತದೆ. ಸ್ಕ್ರೇಪಿಂಗ್ ದುಬಾರಿ, ಬಲ್ಲವರೂ ವಿರಳ. ಹಾಗಾಗಿ ಸ್ಲೈಡ್ ತೀರಾ ಹೋಗಿರುವ ಮಷೀನನ್ನು ಬಿಟ್ಟುಬಿಡುವುದೇ ಲೇಸು.

ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸಿ ಹ್ಯಾಂಡಲ್ ತಿರುಗಿಸಿದಾಗ ಟೇಬಲ್ ಕದಲದಿರುವಷ್ಟು ಸಡಿಲ) ಹೆಚ್ಚಿದ್ದರೆ ಅಷ್ಟಕ್ಕೇ ಹೆದರಬೇಕಿಲ್ಲ. ಡಯಲ್ ಗೇಜ್ ಇಟ್ಟು ನಡುವೆಯೂ ತುದಿಯಲ್ಲೂ ಅಳೆಯಿರಿ. ಎರಡೂ ಕಡೆ ಒಂದೇ ಬಂದರೆ ಸವೆದಿರುವುದು ಗನ್‌ಮೆಟಲ್ ನಟ್ ಮಾತ್ರ, ಅದನ್ನು ಹೊಸದಾಗಿ ಮಾಡಿಸಬಹುದು. ನಡುವೆ ಹೆಚ್ಚು, ತುದಿಯಲ್ಲಿ ಕಡಿಮೆ ಬಂದರೆ ಸ್ಕ್ರೂ ಕೂಡ ಸವೆದಿದೆ. ಹೊಸ ನಟ್ ಹಾಕಿದರೆ ತುದಿಯಲ್ಲಿ ಹಿಡಿಯುತ್ತದೆ. ಕಟರನ್ನು ತಿರುಗಿಸುವ ಸ್ಪಿಂಡಲನ್ನು ಹೆಚ್ಚಿನ ವೇಗದಲ್ಲಿ ಅರ್ಧ ಗಂಟೆ ಓಡಿಸಿ, ನಿಲ್ಲಿಸಿದ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಾದರೆ ಸರಿ, ಕೈ ಇಡಲಾಗದಷ್ಟು ಕಾದರೆ, ಗರಗರ ಸದ್ದು ಬಂದರೆ ಬೇರಿಂಗ್ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ.

ಸಾಗಣೆಯಲ್ಲಿ ಜೀವಕ್ಕೇ ಅಪಾಯವಿದೆ. ಬ್ರಿಜ್‌ಪೋರ್ಟ್ ಅಳತೆಯ ಮಷೀನು ಸುಮಾರು 900 ಕೆ.ಜಿ. ತೂಗುತ್ತದೆ, ಭಾರವೆಲ್ಲ ಮೇಲೆ, ಬುಡ ಕಿರಿದು. ವೈಸ್ ತೆಗೆದು, ಟೇಬಲ್ ನಡುವಿಗೆ ತಂದು, ‘ನೀ’ (ಟೇಬಲನ್ನು ಹೊತ್ತು ಮೇಲೆ ಕೆಳಗೆ ಹೋಗುವ ಭಾಗ) ಪೂರ್ತಿ ಇಳಿಸಿ ಲಾಕ್ ಮಾಡಿ, ರ‍್ಯಾಮ್ (ಮೋಟರ್, ಸ್ಪಿಂಡಲ್ ಇರುವ ತಲೆಯನ್ನು ಹೊತ್ತ ಮೇಲಿನ ತೋಳು) ಹಿಂದಕ್ಕೆ ತಳ್ಳಿ. ತಲೆಯ ನಾಲ್ಕು ನಟ್‌ಗಳನ್ನು ತುಸು ಸಡಿಲಿಸಿ, ಬಿಚ್ಚಬೇಡಿ. ವರ್ಮ್ ಸ್ಕ್ರೂ ತಿರುಗಿಸುತ್ತಾ ಮೋಟರ್ ಕೆಳಗೆ ಬರುವಂತೆ ತಲೆಯನ್ನು ತಿರುವಿ ಮತ್ತೆ ಬಿಗಿ ಮಾಡಿ. ಭಾರದ ಕೇಂದ್ರ ಸಾಕಷ್ಟು ಕೆಳಗಿಳಿಯುತ್ತದೆ. ಟೇಬಲಿಗೆ ಬೆಲ್ಟ್ ಹಾಕಿ ಎತ್ತಿದರೆ ಸ್ಲೈಡೂ ಗಿಬ್ಬೂ ಕೆಡುತ್ತವೆ. ರ‍್ಯಾಮ್ ಮೇಲಿನ ಐ ಬೋಲ್ಟ್ ತೂತು ಇರುವುದೇ ಎತ್ತುವುದಕ್ಕೆ. ನೆಲದ ಮೇಲಾದರೆ ಹಾರೆಯಿಂದ ಎರಡು ಬೆರಳು ಎತ್ತಿ, ಕಬ್ಬಿಣದ ಪೈಪುಗಳ ಮೇಲೆ ಉರುಳಿಸಿ. ಇಳಿಜಾರಿನಲ್ಲಿ ಚೈನ್ ಬ್ಲಾಕ್ ಹಿಡಿದಿರಬೇಕು, ಕೆಳಬದಿಯಲ್ಲಿ ಯಾರೂ ನಿಲ್ಲಬಾರದು. ವಾಲಿತೆಂದರೆ ಕೈಕೊಟ್ಟು ತಡೆಯಲು ಹೋಗದೆ ದೂರ ಸರಿಯಿರಿ.

ಬಿಚ್ಚುವಾಗ ಪ್ರತಿ ಹಂತದ ಫೋಟೊ ಇರಲಿ. ಶಿಮ್‌ಗಳನ್ನು (ಸಂದಿಗೆ ಹಾಕಿದ ತೆಳು ತಗಡುಗಳನ್ನು) ಅವು ಇದ್ದ ಜಾಗದ ಹೆಸರು ಬರೆದ ಚೀಟಿಯ ಜೊತೆ ಕಟ್ಟಿಡಿ. ಹೆಚ್ಚಿನ ಹಳೆಯ ಮಷೀನುಗಳ ನಿಜವಾದ ರೋಗ ಎಣ್ಣೆಯ ದಾರಿಯಲ್ಲಿರುತ್ತದೆ. ಎಣ್ಣೆ ನಿಪ್ಪಲ್‌ಗೆ ಯಾರೋ ಗ್ರೀಸ್ ಗನ್ ಹಚ್ಚಿರುತ್ತಾರೆ. ವರ್ಷಗಳು ಕಳೆದಂತೆ ಅದು ಮೇಣದಂತೆ ಗಟ್ಟಿಯಾಗಿ ತೂತು ಮುಚ್ಚಿ ಸ್ಲೈಡ್ ಒಣಗುತ್ತದೆ. ಕೊಳವೆಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ತಂತಿಯಿಂದ ಚುಚ್ಚಿ, ಗಾಳಿ ಹೊಡೆದು, ಪ್ರತಿ ತುದಿಯಲ್ಲೂ ಎಣ್ಣೆ ಜಿನುಗುವುದನ್ನು ಕಣ್ಣಾರೆ ಕಂಡ ಮೇಲೆ ಜೋಡಿಸಿ. ಸ್ಲೈಡಿಗೆ 68 ದರ್ಜೆಯ ಸ್ಲೈಡ್‌ವೇ ಎಣ್ಣೆ ಸರಿಹೋಗುತ್ತದೆ.

ಸ್ಲೈಡಿನ ಮೇಲಿನ ತುಕ್ಕಿಗೆ ಎಮೆರಿ ಪೇಪರ್ ಹಾಕಲೇಬೇಡಿ. ಅದರ ಕಣ ಎರಕದಲ್ಲಿ ಹುದುಗಿ ಮುಂದೆ ಅರದ ಹಾಗೆ ಉಜ್ಜುತ್ತಿರುತ್ತದೆ. ಸಮತಟ್ಟಾದ ನಯವಾದ ಎಣ್ಣೆಕಲ್ಲಿಗೆ ಸೀಮೆಎಣ್ಣೆ ಹಾಕಿ, ಎದ್ದು ನಿಂತ ಏಟಿನ ಗುರುತುಗಳನ್ನಷ್ಟೇ ಸವರಿದರೆ ಸಾಕು. ಸದ್ದಿಲ್ಲದ ಸ್ಪಿಂಡಲನ್ನು ಕುತೂಹಲಕ್ಕಾಗಿ ಬಿಚ್ಚಬೇಡಿ. ಜೋಡಿ ಬೇರಿಂಗ್‌ಗಳನ್ನು ಹೊಂದಿಸಿಯೇ ತಯಾರಿಸಿರುತ್ತಾರೆ. ದಿಕ್ಕು ಅದಲುಬದಲಾದರೆ ಪ್ರೀಲೋಡ್ (ಅಲುಗಾಟ ತಡೆಯಲು ಮೊದಲೇ ಕೊಟ್ಟ ಒತ್ತು) ಹೋಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಾಗ ಉಜ್ಜಿ ದೂಳೆಬ್ಬಿಸಬೇಡಿ. ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ಕೆರೆಯಿರಿ.

ಮೂರು ಫೇಸ್ ವಿದ್ಯುತ್ ಇಲ್ಲದ ಕಡೆ ಒಂದೇ ಫೇಸಿನಿಂದ ಮೂರು ಫೇಸ್ ಮಾಡಿಕೊಡುವ ವಿಎಫ್‌ಡಿ ಹಾಕಿದರಾಯಿತು, ಮೋಟರಿನ ತಂತಿಗಳನ್ನು ಡೆಲ್ಟಾಕ್ಕೆ (ಕಡಿಮೆ ವೋಲ್ಟೇಜಿನ ಜೋಡಣೆಗೆ) ಬದಲಿಸಲು ಸಾಧ್ಯವೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ. ಮೋಟರಿನ ದಿಕ್ಕು ಬದಲಿಸುವ ಹಳೆಯ ಡ್ರಮ್ ಸ್ವಿಚ್ಚನ್ನು ವಿಎಫ್‌ಡಿ ಮತ್ತು ಮೋಟರ್ ನಡುವೆ ಉಳಿಸಬೇಡಿ, ಓಡುವಾಗ ಅದನ್ನು ತಿರುವಿದರೆ ಡ್ರೈವ್ ಸುಟ್ಟುಹೋಗಬಹುದು. ಕೊನೆಗೆ ಸ್ಪಿಂಡಲ್‌ಗೆ ಡಯಲ್ ಕಟ್ಟಿ ಟೇಬಲ್ ಮೇಲೆ 200 ಮಿ.ಮೀ. ವೃತ್ತ ಸುತ್ತಿಸಿ, ವ್ಯತ್ಯಾಸ 0.02 ಮಿ.ಮೀ. ಒಳಗೆ ಬರುವವರೆಗೆ ತಲೆಯನ್ನು ಹೊಂದಿಸಿ.

ಮಷೀನು ಮಾರುವ ಶಾಲೆ, ಕಾರ್ಖಾನೆಗಳಲ್ಲಿ ನಮ್ಮದೊಂದು ಕೋರಿಕೆ. ಆರ್ಬರ್ (ಕಟರ್ ಕೂರಿಸುವ ದಂಡ), ಅದರ ಆಧಾರದ ಬ್ರ್ಯಾಕೆಟ್, ಅದನ್ನು ಸ್ಪಿಂಡಲಿಗೆ ಎಳೆದು ಹಿಡಿಯುವ ಡ್ರಾಬಾರ್, ಬದಲಿ ಗೇರುಗಳು ಬೇರೆ ಕಪಾಟಿನಲ್ಲಿ ಇರುತ್ತವೆ. ಅವನ್ನು ಪ್ರತ್ಯೇಕವಾಗಿ ಗುಜರಿಗೆ ಹಾಕಬೇಡಿ. ಆರ್ಬರ್ ಇಲ್ಲದ ಅಡ್ಡ ಮಿಲ್ಲಿಂಗ್ ಮಷೀನಿಗೆ ಹೊಸದು ಹುಡುಕುವಷ್ಟರಲ್ಲಿ ಕೊಂಡವರು ಸೋತು, ಅದನ್ನೂ ತೂಕಕ್ಕೇ ಹಾಕಿಬಿಡುತ್ತಾರೆ.

ಇತಿ,
ಹಳೆಯ ಯಂತ್ರಗಳ ದುರಸ್ತಿ ಕೆಲಸದವರು