ನಮ್ಮದಲ್ಲದ ಟಿವಿಯನ್ನು ನಮ್ಮ ಅಕೌಂಟಿನಿಂದ ತೆಗೆಯುವ ಬಗ್ಗೆ

ಹಾಸನ

ಗ್ರಾಹಕರ ದೂರು ವಿಭಾಗದ ಮುಖ್ಯಸ್ಥರಿಗೆ,

ಫೋನಿನಲ್ಲಿ ಮರ್ಯಾದೆಯಿಂದ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಈ ಪತ್ರ.

ಇಂಟರ್ನೆಟ್ಟಿನಲ್ಲಿ ಸಿನಿಮಾ, ವಾರ್ತೆ ತೋರಿಸುವ ನಿಮ್ಮ ಕಂಪನಿ ಹೆಸರು ಹೇಳಿಕೊಂಡು ನಮ್ಮ ತಂದೆಗೆ ಯಾರೋ ಫೋನ್ ಮಾಡಿದರು. "ನಿಮ್ಮ ಟಿವಿ ಬಂದ್ ಆಗುತ್ತೆ, ಈ ಕೋಡ್ ಹಾಕಿ" ಎಂದರು. ಅಪ್ಪ ಓಟಿಪಿ ಕೊಡಲಿಲ್ಲ, ಪಾಸ್‌ವರ್ಡ್ ಹೇಳಲಿಲ್ಲ. ಕೋಡ್ ಹಾಕಿದ್ದು ನಕಲಿ ಪುಟದಲ್ಲೂ ಅಲ್ಲ, ನಿಮ್ಮದೇ ಅಸಲಿ ಪುಟದಲ್ಲಿ. ಆದರೆ ಆ ಕೋಡ್ ಬಂದಿದ್ದು ಕಳ್ಳನ ಟಿವಿ ಮೇಲೆ, ಹಾಗಾಗಿ ನಮ್ಮ ಅಕೌಂಟಿಗೆ ಸೇರಿದ್ದೂ ಅವನ ಟಿವಿಯೇ. ಯಾವ ಟಿವಿ, ಯಾವ ಊರಿನದು, ನಿಮ್ಮ ಕಣ್ಣೆದುರೇ ಇದೆಯಾ? ನಿಮ್ಮ ಪುಟ ಒಂದನ್ನೂ ಕೇಳಲಿಲ್ಲ. "ಟಿವಿ ಸೇರಿಸಲಾಗಿದೆ" ಎಂದು ಹಸಿರು ಟಿಕ್ ತೋರಿಸಿ ಕೈ ತೊಳೆದುಕೊಂಡಿತು.

ಇದು ಹೊಸ ಮೋಸವೇನಲ್ಲ. ಕೋಡ್ ಹಾಕಿ ಟಿವಿ ಸೇರಿಸುವ ಈ ಪದ್ಧತಿಗೆ ಆರ್‌ಎಫ್‌ಸಿ 8628 ಎಂಬ ಇಂಟರ್ನೆಟ್ ತಾಂತ್ರಿಕ ನಿಯಮಾವಳಿ 2019ರಲ್ಲೇ ಬಂದಿದೆ. ಹೀಗೂ ಮೋಸ ಆಗಬಹುದು, ಡಿವೈಸ್ ತನ್ನ ಬಳಿಯೇ ಇದೆ ಎಂದು ಗ್ರಾಹಕನಿಂದ ಖಚಿತ ಮಾಡಿಕೊಳ್ಳಿ ಎಂದು ಅದರಲ್ಲೇ ಇದೆ. ನೀವು ಓದಿಯೇ ಇರುತ್ತೀರಿ, ಅಲ್ವಾ?

ಇನ್ನು ನಿಮ್ಮ ಕಾಲ್ ಸೆಂಟರ್. ಕಟ್ಟಿನಕೆರೆ ಮಾರ್ಕೆಟ್ಟಿನ ನಮ್ಮ ಅಂಗಡಿಯಲ್ಲಿ, ಕೈಯಲ್ಲಿ ತಕ್ಕಡಿ ಇದ್ದದ್ದರಿಂದ ಸ್ಪೀಕರ್ ಹಾಕಿಕೊಂಡು ಮಾತಾಡಿದೆ.

"ಸರ್, ಟಿವಿ ಆಫ್ ಮಾಡಿ ಆನ್ ಮಾಡಿ."

"ಆ ಟಿವಿ ಕಳ್ಳನ ಮನೆಯಲ್ಲಿದೆ ಅಮ್ಮ."

"ಸರಿ ಸರ್. ಅದರ ಹಿಂಭಾಗದಲ್ಲಿ ಸೀರಿಯಲ್ ನಂಬರ್ ಇರುತ್ತೆ, ಓದಿ ಹೇಳ್ತೀರಾ?"

ಮೆಣಸಿನಕಾಯಿ ತೂಗಿಸಿಕೊಳ್ಳುತ್ತಿದ್ದವರು ನಕ್ಕರು. ಮೇಲಿನವರಿಗೆ ಕೊಡಿ ಎಂದೆ. ಅವರು ಬಂದು, "ಪರ್ಮಿಷನ್ ನಿಮ್ಮ ಮನೆಯವರೇ ಕೊಟ್ಟಿದ್ದಾರೆ ಸರ್. ವಯಸ್ಸಾದವರ ಕೈಗೆ ಫೋನ್ ಯಾಕೆ ಕೊಡ್ತೀರಿ?" ಎಂದರು. ಅಪ್ಪ ಪಕ್ಕದಲ್ಲೇ ಗಲ್ಲಾ ಮೇಲೆ ಕೂತಿದ್ದರು. ವರ್ಷದ ದುಡ್ಡು ಮುಂಗಡ ಕಟ್ಟಿಸಿಕೊಳ್ಳುವಾಗ ಅದೇ ಕೈ, ಅದೇ ಫೋನ್ ನಿಮಗೆ ಚೆನ್ನಾಗಿಯೇ ಆಗಿತ್ತು.

"ಪಾಸ್‌ವರ್ಡ್ ಬದಲಿಸಿ" ಎಂದಿರಿ. ಬದಲಿಸಿದೆ. ಕಳ್ಳನ ಟಿವಿ ಓಡುತ್ತಲೇ ಇದೆ. ಅದು ಓಡುವುದು ನಿಮ್ಮ ಸರ್ವರ್ ಕೊಟ್ಟ ಟೋಕನ್ ಮೇಲೆ, ಅಂದರೆ ಮತ್ತೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವ ಡಿಜಿಟಲ್ ಚೀಟಿಯ ಮೇಲೆ. ಅದನ್ನು ನೀವು ರದ್ದು ಮಾಡದೆ ನಾನು ಸುಮ್ನೆ ಪಾಸ್‌ವರ್ಡ್ ಬದಲಿಸುತ್ತಾ ಕೂರಬೇಕಾ? ರಾತ್ರಿ ವಾರ್ತೆ ನೋಡಲು ಕೂತರೆ "ಸ್ಕ್ರೀನ್ ಮಿತಿ ಮುಗಿದಿದೆ" ಎಂದು ದುಡ್ಡು ಕಟ್ಟಿದ ನಮಗೇ ಬಾಗಿಲು ಹಾಕುತ್ತೀರಿ. ಆ ಪುಣ್ಯಾತ್ಮ ಅರ್ಧ ನೋಡಿ ಬಿಟ್ಟ ದೆವ್ವದ ಸಿನಿಮಾಗಳನ್ನು ಅಪ್ಪನಿಗೆ "ಮುಂದುವರಿಸಿ" ಎಂದು ಬೇರೆ ತೋರಿಸುತ್ತೀರಿ.

ಆ ಟಿವಿಯ ಟೋಕನ್ ರದ್ದು ಮಾಡಿ. ಅಪ್ಪನಿಗೆ ಬರವಣಿಗೆಯಲ್ಲಿ ಕ್ಷಮೆ ಕೇಳಿ. 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಆಗಲೇ ಕೊಟ್ಟಿದ್ದೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನಾನಿರುವ ಊರಿನಲ್ಲೇ ಕೇಸು ಹಾಕಬಹುದು. ದುಡ್ಡು ವಾಪಸ್ ಕೊಡುತ್ತೇವೆ ಎಂದರೂ ಈಗ ಬೇಡ. ಹಾಸನದ ಗ್ರಾಹಕರ ಆಯೋಗಕ್ಕೆ ನಿಮ್ಮ ವಕೀಲರನ್ನು ಕಳಿಸಿ. ಬರುವಾಗ ಆ ಸೀರಿಯಲ್ ನಂಬರ್ ಅವರೇ ಹುಡುಕಿಕೊಂಡು ಬರಲಿ.

ಇಂತಿ,
ನಿಮ್ಮ ದಾಖಲೆಯಲ್ಲಿ "ದೂರು ಬಗೆಹರಿದಿದೆ" ಎಂದು ಮುಚ್ಚಿಹಾಕಲಾದ ಗ್ರಾಹಕ